ತಾಳ ತಪ್ಪದವನ ಹೆಜ್ಜೆ

ಮೂವತ್ತೈದು ವರ್ಷ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ಬಾರಿಸಿದ ಅವನನ್ನು ಜೊತೆಯವರು ಗಡಿಯಾರಪ್ಪ ಎಂದೇ ಕರೆಯುತ್ತಿದ್ದರು. ಹಾಡುವವನು ಸಾಲು ಮರೆಯಲಿ, ಕರೆಂಟೇ ಹೋಗಲಿ, ಅವನ ತಾಳ ಮಾತ್ರ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಆ ಹೆಸರನ್ನು ಅವನು ಪದವಿಯಂತೆ ಹೊತ್ತು ತಿರುಗಿದ. ಅದು ಬೈಗುಳವೂ ಆಗಬಹುದು ಎಂದು ತಿಳಿದದ್ದು ಮಗಳ ಸಿನಿಮಾದಿಂದ.

ಮಗಳದ್ದು ಹನ್ನೆರಡು ನಿಮಿಷದ ಮೊದಲ ಚಿತ್ರ. ಸ್ಪರ್ಧೆಗೆ ಕಳಿಸಲು ಆ ಸಂಜೆಯೇ ಕೊನೆ. ಅದರ ಸದ್ದುಗಳನ್ನೆಲ್ಲ ತಾನೇ ಮಾಡಿಕೊಡುತ್ತೇನೆ ಎಂದು ಅಪ್ಪ ಒಪ್ಪಿಕೊಂಡಿದ್ದ. ನಿಜ ಹೇಳಬೇಕೆಂದರೆ ಒಪ್ಪಿದ್ದು ಅವಳು, ದುಂಬಾಲು ಬಿದ್ದದ್ದು ಇವನು. ಆರ್ಕೆಸ್ಟ್ರಾದ ಕರೆಗಳು ನಿಂತ ಮೇಲೆ ಅವನಿಗೆ ಉಳಿದಿದ್ದ ಕೆಲಸವೆಂದರೆ ಊಟದ ಮೇಜನ್ನು ಬೆರಳಿನಿಂದ ಬಡಿಯುವುದು, ಹೆಂಡತಿಯಿಂದ ಬೈಸಿಕೊಳ್ಳುವುದು. ಮಗಳಿಗಾದರೂ ತಾನು ಬೇಕಾದವನು ಅನ್ನಿಸಿಕೊಳ್ಳಬೇಕೆಂದು ಅವನಿಗೆ ಬಹಳ ಆಸೆಯಿತ್ತು.

ಅದಕ್ಕೆಂದು ಮಗಳು ತಂದಿಟ್ಟ ಸ್ಯಾಂಪ್ಲರ್ ಎಂದರೆ ತಟ್ಟೆಯಷ್ಟಗಲದ ಡಬ್ಬಿ, ಮೈಮೇಲೆ ಹದಿನಾರು ರಬ್ಬರ್ ಗುಂಡಿ. ನೆಲದ ಮೈಕಿನ ಮುಂದೆ ಒಂದು ಹೆಜ್ಜೆ ಹಾಕಿ, ರೆಕಾರ್ಡ್ ಮಾಡಿ, ಒಂದು ಗುಂಡಿಗೆ ಕೂರಿಸಿದರೆ ಆಮೇಲೆ ಒತ್ತಿದಾಗಲೆಲ್ಲ ಅದೇ ಹೆಜ್ಜೆ. ಅವನು ತನ್ನ ಹಳೇ ಬೂಟು, ಹೆಂಡತಿಯ ಚಪ್ಪಲಿ, ಬೀಗ, ಬಾಗಿಲು ಎಲ್ಲವನ್ನೂ ಗುಂಡಿಗಳಿಗೆ ತುಂಬಿಸಿ, ಪರದೆ ನೋಡುತ್ತ ಬೆರಳುಗಳಲ್ಲೇ ಚಿತ್ರದ ಪಾತ್ರಗಳನ್ನೆಲ್ಲ ನಡೆಸಿದ.

ನಡೆದರು, ನಿಜ. ಆದರೆ ಅಂಚೆಯವನು ನಾಲ್ಕರ ಲೆಕ್ಕದಲ್ಲಿ ಮೆಟ್ಟಿಲು ಹತ್ತಿದ, ಗಂಡ ಅದೇ ಲೆಕ್ಕದಲ್ಲಿ ಅಡುಗೆಮನೆಗೆ ಹೋದ, ಬಾಗಿಲು ಕೂಡ ಸರಿಯಾಗಿ ನಾಲ್ಕನೆಯ ಏಟಿಗೆ ಮುಚ್ಚಿಕೊಂಡಿತು. ಮನಸ್ಸು ಮುರಿದು ಮನೆ ಬಿಡುವ ಚಿತ್ರದ ಹೆಂಡತಿಯಂತೂ ಮೆರವಣಿಗೆಯ ಮುಂದಾಳಿನ ಹಾಗೆ ಹೊರಟಳು.

"ಅಪ್ಪಾ, ಇವಳು ನಡೀತಿಲ್ಲ. ನೀನು ಬಾರಿಸ್ತಿದ್ದೀಯ," ಎಂದಳು ಮಗಳು.

ಕುರ್ಚಿ ತಗ್ಗಾಗಿದೆ, ಗುಂಡಿ ಬಿಗಿಯಾಗಿದೆ ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಎಷ್ಟು ಮಂದಿ ಹಾಡುಗಾರರಿಗೆ ಅಂದಿದ್ದನೋ, ಈಗ ಅದು ತನಗೇ ಅಳತೆ ಕೊಟ್ಟು ಹೊಲಿಸಿದಂತಿತ್ತು. ಎಡಗೈಯಲ್ಲಿ ಒತ್ತಿದ, ಮೊಣಕೈಯಲ್ಲಿ ಒತ್ತಿದ. ಬೇಕೆಂದೇ ತಪ್ಪಿದ, ತಪ್ಪುವುದಕ್ಕೂ ಅವನೊಳಗೆ ಒಂದು ತಾಳ ಹುಟ್ಟಿಕೊಂಡಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ.

ಕೊನೆಯ ದೃಶ್ಯವೇ ಮುಖ್ಯ. ಪರದೆ ಕಪ್ಪಾಗುತ್ತದೆ, ಆ ಹೆಂಡತಿ ಬಾಗಿಲ ತನಕ ನಡೆಯುವುದು ಬರೀ ಸದ್ದಿನಲ್ಲೇ ತಿಳಿಯಬೇಕು. ಹನ್ನೊಂದನೆಯ ಟೇಕೂ ಕೆಟ್ಟಿತು. ಚಪ್ಪಲಿ ಮೆಟ್ಟಿ ಹೊಸ ಹೆಜ್ಜೆಯನ್ನೇ ತುಂಬಿಸಿ ನೋಡೋಣವೆಂದು ಅವನು ರೆಕಾರ್ಡ್ ಒತ್ತಿ ಎದ್ದು ನಿಂತಾಗ, ಮಗಳು ಫೋನ್ ಕೈಗೆತ್ತಿಕೊಂಡು, ಈ ಕೆಲಸ ಗೊತ್ತಿರುವ ಗೆಳೆಯನೊಬ್ಬನಿದ್ದಾನೆ, ಅವನನ್ನು ಕರೆಸುತ್ತೇನೆ ಎಂದಳು.

"ಕರೆಸು. ಯಾರನ್ನ ಬೇಕಾದ್ರೂ ಕರೆಸು," ಎಂದು ಗಡಿಯಾರಪ್ಪ ಮುಖ ಊದಿಸಿಕೊಂಡು ಹೊರಟ. ಬಾಗಿಲ ತನಕ ಹೋಗಿ ನಿಂತ. ದೊಡ್ಡ ಕಲಾವಿದನಿಗೆ ಅವಮಾನವಾಗಿತ್ತಲ್ಲ, ತಿರುಗಿ ನೋಡುವ ಹಾಗಿರಲಿಲ್ಲ. ಹಿಂದೆ ಮಗಳು ಫೋನ್ ಹಿಡಿದೇ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ಕನ್ನಡಕ ಮರೆತೆ ಎನ್ನುತ್ತ ವಾಪಸು ಬಂದ. ಕನ್ನಡಕ ಮೂಗಿನ ಮೇಲೆಯೇ ಇತ್ತು.

ಅವಳು ಮಾತಾಡಬೇಡ ಎಂದು ಕೈ ಎತ್ತಿದಳು. ಸ್ಯಾಂಪ್ಲರಿನ ರೆಕಾರ್ಡ್ ದೀಪ ಇನ್ನೂ ಕೆಂಪಗೆ ಉರಿಯುತ್ತಿತ್ತು. ಅವಳು ಅವನ ಮಾತನ್ನೂ ವಾಪಸು ಬಂದದ್ದನ್ನೂ ಕತ್ತರಿಸಿ, ಉಳಿದದ್ದನ್ನು ಒಂದು ಗುಂಡಿಗೆ ಕೂರಿಸಿ, ಪರದೆ ಕಪ್ಪಾದಾಗ ಒತ್ತು ಎಂದಳು.

ಒತ್ತಿದ. ಎರಡು ಹೆಜ್ಜೆ ಬಿರುಸಾಗಿ ಹೋದವು, ಮೂರನೆಯದು ತಡವರಿಸಿತು, ಮತ್ತೊಂದು ನೆಲಕ್ಕೆ ಉಜ್ಜಿತು, ಆಮೇಲೆ ನಿಂತಿತು. ಆ ನಿಲುವು ಮುಗಿಯಲೇ ಇಲ್ಲ. ಅದರಲ್ಲಿ ಯಾವ ಲೆಕ್ಕವೂ ಇರಲಿಲ್ಲ. ಚಿತ್ರ ಅಲ್ಲಿಗೇ ಮುಗಿಯಲಿ ಎಂದಳು ಮಗಳು. ಹತ್ತು ಬೆರಳಿನ ಪಂಡಿತನ ಜೀವಮಾನದ ಕಛೇರಿ ಒಂದೇ ಬೆರಳಿನಲ್ಲಿ, ಒಂದೇ ಒತ್ತಿಗೆ ಆಗಿಹೋಯಿತು. ಅವನಿಗೆ ನಗು ಬಂತು.

"ಬಾಗಿಲ ಹತ್ರ ಯಾಕಪ್ಪಾ ಅಷ್ಟು ಹೊತ್ತು ನಿಂತೆ?"

ಇನ್ನೊಂದು ಸುಳ್ಳು ತಕ್ಷಣಕ್ಕೆ ಹೊಳೆಯಲಿಲ್ಲ. "ನೀನು ಕರೀತೀಯೇನೋ ಅಂತ."

ಮಗಳ ಕಣ್ಣು ತುಂಬಿತು. ಕರೆಯಬೇಕು ಅಂತಲೇ ಇದ್ದೆ, ಬಾಯಿ ಬರಲಿಲ್ಲ ಎಂದಳು.

"ಕರೀದೇ ಇದ್ದದ್ದೇ ಒಳ್ಳೇದಾಯ್ತು ಬಿಡಮ್ಮಾ," ಎಂದ ಗಡಿಯಾರಪ್ಪ. "ಕರೆದಿದ್ರೆ ಟೇಕ್ ಹಾಳಾಗ್ತಿತ್ತು."