ಆಂಬುಲೆನ್ಸ್ ಡ್ರೈವರ್ ಅಡುಗೆ ಮಾಡಿದ ಸಂಜೆ

ಅಡುಗೆಮನೆಯಲ್ಲಿ ತಟ್ಟೆಯೊಂದು ಕೈಜಾರಿ ಬಿತ್ತು, ಅಷ್ಟೇ. ಹೊರಗೆ ಕೂತಿದ್ದ ಆಂಬುಲೆನ್ಸ್ ಡ್ರೈವರ್ ಬೆಚ್ಚಿಬಿದ್ದು ಎದ್ದ. "ಏನದು ಸದ್ದು? ಮನೇನಾ ಇದು, ಸಂತೇನಾ?" ಅಂತ ಕಿರುಚಿಬಿಟ್ಟ. ತಟ್ಟೆ ಬೀಳಿಸಿದ್ದ ಮಗಳು ಮುಖ ಸಣ್ಣ ಮಾಡಿಕೊಂಡು ಅಮ್ಮನ ಬೆನ್ನ ಹಿಂದೆ ಸೇರಿಕೊಂಡಳು.

ಮೊದಲು ಅವನು ಹೀಗಿರಲಿಲ್ಲ. ಬೀದಿಯವರನ್ನೆಲ್ಲ ನಗಿಸುವ ಮಾತುಗಾರ. ಆದರೆ ಹೋದ ತಿಂಗಳು ಆಸ್ಪತ್ರೆಗೆ ಒಯ್ಯುವಾಗ ಒಬ್ಬ ಹೆಂಗಸು ದಾರಿಯಲ್ಲೇ ತೀರಿಕೊಂಡಳು. ಇನ್ನೂ ಬೇಗ ಓಡಿಸಬೇಕಿತ್ತೇನೋ ಅನ್ನುವ ಕೊರಗು ಅವನನ್ನು ಹಿಡಿದುಬಿಟ್ಟಿತು. ನಿದ್ದೆ ಹತ್ತದು. ಸ್ಟೀರಿಂಗ್ ಮುಟ್ಟಿದರೆ ಕೈ ನಡುಗುವುದು. ಕೊನೆಗೆ ರಜೆ ಹಾಕಿ ಮನೆಯಲ್ಲಿ ಕೂತ.

ಹೆಂಡತಿ ಪಕ್ಕದ ಮನೆ ನರ್ಸಕ್ಕನಿಗೆ ಹೇಳಿಕೊಂಡಳು. ನರ್ಸಕ್ಕ ಅವನನ್ನು ಮನೋವೈದ್ಯರಿಗೆ ತೋರಿಸಿ, ಚಿಕಿತ್ಸೆ ಕೊಡಿಸಿದರು. ಒಂದು ಸಂಜೆ ಬಂದವರೇ, "ತಮ್ಮಾ, ಇವತ್ತು ಅಡುಗೆ ನಿಂದು," ಅಂದರು.

"ಈರುಳ್ಳಿ ಹೆಚ್ಚಿದ್ರೆ ತಲೆ ಸರಿ ಹೋಗುತ್ತಾ ನರ್ಸಕ್ಕಾ? ಕಣ್ಣಲ್ಲಿ ನೀರು ಬರುತ್ತೆ, ಅಷ್ಟೇ."

"ಬರಲಿ ಬಿಡೋ. ಅದಕ್ಕೂ ಒಂದು ನೆಪ ಬೇಕಲ್ಲ. ಫೋನ್ ಆಚೆ ಇಡು. ಅವಸರ ಬೇಡ. ಕೈ ಏನು ಮಾಡುತ್ತೋ ಮನಸ್ಸೂ ಅಲ್ಲೇ ಇರಲಿ. ಎಲ್ಲಾದ್ರೂ ಓಡಿಹೋದ್ರೆ ಬೈಬೇಡ, ಮೆಲ್ಲಗೆ ಕರ್ಕೊಂಡು ಬಾ."

ಗೊಣಗುತ್ತಲೇ ಚಾಕು ಹಿಡಿದ. ಈರುಳ್ಳಿ ಎರಡು ಹೋಳಾಯಿತು. ಮನಸ್ಸು ಆ ಹೆಂಗಸು ತೀರಿಕೊಂಡ ರಸ್ತೆಗೆ ಓಡಿತು. ಮತ್ತೆ ಚಾಕುವಿನ ಅಂಚಿಗೆ ಕರೆತಂದ. ಕಣ್ಣು ಉರಿಯಿತು, ನೀರು ಬಂತು. ಉರಿ ನಿಂತ ಮೇಲೂ ನೀರು ನಿಲ್ಲಲಿಲ್ಲ. ಆಕೆ ತೀರಿಕೊಂಡ ದಿನ ಅಳದವನು ಈಗ ಬಿಕ್ಕಿ ಬಿಕ್ಕಿ ಅತ್ತ.

ಮುಖ ತೊಳೆದು ಬಂದು ಕ್ಯಾರೆಟ್ ಹೆಚ್ಚಿದ. ಹೆಚ್ಚಿದವನು ಹಾಗೇ ನಿಂತ. ಬಿಲ್ಲೆಯ ನಡುವೆ ಪುಟ್ಟ ಸೂರ್ಯ, ಸುತ್ತ ಕಿರಣ! ಮಣ್ಣೊಳಗಿನ ಕತ್ತಲಲ್ಲಿ ಇದಕ್ಕೆ ಈ ಬಣ್ಣ ಹೇಗೆ ಬಂತು? ಬಟಾಣಿ ಸುಲಿದರೆ, ಒಳಗೆ ಕಾಳುಗಳು ತೊಟ್ಟಿಲ ಕೂಸುಗಳಂತೆ ಸಾಲಾಗಿ ಮಲಗಿದ್ದವು. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳೆದ್ದವು, ದೊಡ್ಡವಾದವು, ನೀರು ಕೊತಕೊತ ಕುದಿಯಿತು. ಇಷ್ಟು ವರ್ಷ ಇದನ್ನೆಲ್ಲ ತಿಂದೆ, ಒಂದು ದಿನವೂ ನೋಡಲಿಲ್ಲವಲ್ಲ ಅಂತ ಬೆರಗಾದ. ಕೈ ನೋಡಿಕೊಂಡ. ನಡುಕವಿರಲಿಲ್ಲ.

"ಪುಟ್ಟೀ, ಬಾರೇ ಇಲ್ಲಿ! ಕ್ಯಾರೆಟ್ ಒಳಗೆ ಏನಿದೆ ನೋಡು!"

ಮಗಳು ಬಾಗಿಲಿಂದ ಇಣುಕಿದಳು. ಆಮೇಲೆ ಹತ್ತಿರ ಬಂದು ಅವನ ಸೊಂಟಕ್ಕೆ ಒರಗಿ ನಿಂತಳು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನೂ ದಿನಾ ಹೆಚ್ತೀನಿ, ನನ್ನ ಕಣ್ಣಿಗೂ ಬಿದ್ದಿರಲಿಲ್ಲ ನೋಡಿ," ಅಂದಳು.

ಊಟಕ್ಕೆ ಕೂತರು. ಮಗಳು ಒಂದು ತುತ್ತು ತಿಂದು, "ಅಪ್ಪಾ, ಉಪ್ಪೇ ಹಾಕಿಲ್ಲ!" ಅಂದಳು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಅವನ ನಗು ಕೇಳಿಸಿತು.

ಅಕ್ಕಂದಿರೇ, ಅಣ್ಣಂದಿರೇ, ಮನಸ್ಸು ಭಾರವಾಗಿದ್ದರೆ ಮುಚ್ಚಿಡಬೇಡಿ. ನಿದ್ದೆ, ನೆಮ್ಮದಿ ಕೆಟ್ಟಿದ್ದರೆ ವೈದ್ಯರನ್ನು ಕಾಣಿ, ಅದರಲ್ಲಿ ನಾಚಿಕೆಯಿಲ್ಲ. ಅಡುಗೆ ಔಷಧಿಗೆ ಬದಲಲ್ಲ, ಆದರೆ ಜೊತೆಗಿರುತ್ತದೆ. ಇವತ್ತು ಒಂದೇ ಒಂದು ಪದಾರ್ಥವನ್ನು ನಿಧಾನವಾಗಿ, ನೋಡುತ್ತಾ, ಮೂಸುತ್ತಾ, ಕೇಳುತ್ತಾ ಮಾಡಿ. ಗಂಡಸರೇ, ನೀವೂ ಒಳಗೆ ಬನ್ನಿ. ಒಲೆ ಯಾರನ್ನೂ ಬೇಡ ಅನ್ನುವುದಿಲ್ಲ.