ದಾನವ್ವನಿಗೆ ಹೊದಿಸಿದ ಶಾಲು

ನಮ್ಮ ಶಾಲೆಯ ಸ್ಟಾಫ್ ರೂಮಿನ ಫ್ಯಾನು ಬೇಸಿಗೆಯಲ್ಲೇ ಕೆಟ್ಟಿತ್ತು. ಹೊಸದೊಂದು ಹಾಕಿಸಿಕೊಡಿ ಎಂದು ಟೀಚರುಗಳೆಲ್ಲ ಸೇರಿ ಟ್ರಸ್ಟಿ ಸಾಹೇಬರನ್ನು ಕೇಳಿಕೊಂಡೆವು. ಅವರು ಬಹಳ ಯೋಚನೆ ಮಾಡಿ, ನಮಗೆ ನಿಜವಾಗಿ ಕಡಿಮೆಯಾಗಿರುವುದು ಕೃತಜ್ಞತೆ ಎಂದು ತೀರ್ಮಾನಿಸಿದರು. ಫ್ಯಾನಿನ ಬದಲು ಬಾಂದ್ರಾದಿಂದ ಮನೀಶ್ ಸರ್ ಬಂದರು.

ಮನೀಶ್ ಸರ್ ಎಂದರೆ ಜನರಿಗೆ ಸಂತೋಷವಾಗಿರುವುದನ್ನು ಕಲಿಸಿ ಹೊಟ್ಟೆ ಹೊರೆಯುವವರು. ಅವರ ಕೂದಲೂ ಹೊಳೆಯುತ್ತಿತ್ತು, ಬೂಟೂ ಹೊಳೆಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಸೆಖೆಯೆಂದು ಅವರ ಶಿಬಿರವನ್ನು ಪ್ರಿನ್ಸಿಪಾಲರ ಏಸಿ ಕೋಣೆಯಲ್ಲಿ ಇಟ್ಟರು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಮೂರು ಸಂಗತಿಗಳನ್ನು ನೆನೆದು ಕೃತಜ್ಞರಾಗಬೇಕು, ಆಮೇಲೆ ಕಾಲು ಕೆಳಗಿಡಬೇಕು ಎಂದು ಅವರು ಹೇಳಿಕೊಟ್ಟರು. ಮೂರನ್ನೂ ಶಾಲೆಯ ವಾಟ್ಸಾಪ್ ಗ್ರೂಪಿಗೆ ಹಾಕಬೇಕು ಎಂದು ಸೇರಿಸಿದವರು ಪ್ರಿನ್ಸಿಪಾಲ್ ಅನುರಾಧಾ ಮೇಡಂ. ಯಾರು ಹಾಕಿದರು, ಯಾರು ಹಾಕಲಿಲ್ಲ ಎಂದು ಮೇಡಂ ಬಚ್ಚಲಿಗೆ ಹೋಗುವ ಮುನ್ನವೇ ನೋಡುತ್ತಿದ್ದರು.

ನಾನು ಮಾಧುರಿ. ಮನೆ ಮುಲುಂಡಿನಲ್ಲಿ, ಹಿರಿಯರ ಊರು ಧಾರವಾಡ, ನೌಕರಿ ಆಂಟಾಪ್ ಹಿಲ್ಲಿನ ಈ ಶಾಲೆಯಲ್ಲಿ, ನಾಲ್ಕನೇ ಕ್ಲಾಸಿಗೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಹೆಸರು. ಆದರೆ ಶಾಲೆಯಲ್ಲಿ ಅದನ್ನು ಅಲ್ಲೇ ತಡೆದುಕೊಂಡಿರಬೇಕಾಗಿತ್ತು, ಏಕೆಂದರೆ ನಾನಿನ್ನೂ ಕಾಯಂ ಆಗಿರಲಿಲ್ಲ. ಅಪ್ಪ ಕೆಲಸಕ್ಕಿದ್ದ ಬಟ್ಟೆ ಅಂಗಡಿ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದುದು ನನ್ನ ಸಂಬಳದಲ್ಲಿ. ನಮ್ಮ ಟ್ರಸ್ಟಿಗೋ ಒಂದು ಒಳ್ಳೆಯ ಅಭ್ಯಾಸವಿತ್ತು: ಟೀಚರೊಬ್ಬಳು ಕಾಯಂ ಆಗುವ ಹೊತ್ತಿಗೆ ಸರಿಯಾಗಿ ಅವಳನ್ನು ಬಿಡಿಸಿ ಹೊಸಬಳನ್ನು ತರುವುದು. ನನ್ನ ಸರದಿ ಈ ಮಾರ್ಚಿಗೆ ಬರುವುದಿತ್ತು.

ಹೀಗಾಗಿ ನಾನೂ ಕೃತಜ್ಞಳಾಗಲು ಹೊರಟೆ. ಮೊದಲ ದಿನ ಮನಸ್ಸಿಗೆ ಬಂದದ್ದನ್ನೇ ಬರೆದೆ: ನಿನ್ನೆ ಲೋಕಲಿನಲ್ಲಿ ಫೋರ್ತ್ ಸೀಟು ಸಿಕ್ಕಿತು. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವಳಾಗಿ ಅರ್ಧ ಹಲಗೆಯ ಮೇಲೆ, ಅರ್ಧ ಗಾಳಿಯಲ್ಲಿ ಕೂರುವ ಸುಖ ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗುರುತು ಪರಿಚಯವಿಲ್ಲದ ಮೂವರು ಹೆಂಗಸರು, ತಾವೇ ದಿನವಿಡೀ ದುಡಿದು ಬಂದವರು, ನನ್ನ ಮುಖ ನೋಡಿ ತುಸು ತುಸು ಸರಿದಿದ್ದರು. ಮುಲುಂಡಿನಲ್ಲಿ ಇಳಿಯುವಾಗ ನನಗೆ ನಿಜಕ್ಕೂ ಜೀವ ತಂಪಾಗಿತ್ತು. ಮೇಡಂ ನನ್ನನ್ನು ಕರೆದು, ಇಂಥ ಅಲ್ಪ ವಿಷಯ ಬೇಡ, ಉನ್ನತವಾದದ್ದನ್ನು ಬರಿ ಎಂದರು. ಮಾರನೆಯ ದಿನ ಸೂರ್ಯೋದಯ ಎಂದು ಬರೆದೆ. ನೋಡಿದರೆ ಉಳಿದವರೂ ಸೂರ್ಯೋದಯವನ್ನೇ ಹಾಕಿದ್ದರು. ಜುಲೈನಲ್ಲಿ ವಾರಗಟ್ಟಲೆ ಮಳೆ ಹೊಡೆದು ಸಾಯನ್ ಸ್ಟೇಷನ್ನಿನ ಹಳಿ ಮುಳುಗಿದ್ದಾಗಲೂ ನಮ್ಮ ಗ್ರೂಪಿನಲ್ಲಿ ಸೂರ್ಯ ತಪ್ಪದೆ ಹುಟ್ಟುತ್ತಿದ್ದ.

ಈ ಶಿಬಿರದಿಂದ ನನಗಾದ ಲಾಭವೆಂದರೆ, ನನಗೆ ಯಾರು ಥ್ಯಾಂಕ್ಸ್ ಹೇಳುತ್ತಿಲ್ಲ ಎಂಬುದರ ಮೇಲೆ ಕಣ್ಣು ಬಿತ್ತು. ಎಲ್ಲರಿಗಿಂತ ಮೊದಲು ಕಣ್ಣಿಗೆ ಬಿದ್ದವಳು ದಾನವ್ವ.

ದಾನವ್ವ ವಿಜಯಪುರದ ಕಡೆಯವಳು. ವಡಾಳಾದ ಬಿಲ್ಡಿಂಗುಗಳಲ್ಲಿ ಮನೆ ಮನೆಗೆ ಹೋಗಿ ಜೋಳದ ರೊಟ್ಟಿ, ಚಪಾತಿ ಮಾಡಿಕೊಟ್ಟು ಬದುಕುವವಳು. ಅವಳ ಮಗಳು ಶಿವಕುಮಾರಿ ನನ್ನ ಕ್ಲಾಸಿಗೆ ಬಂದಾಗ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಓದಿಸುತ್ತಿದ್ದೆ. ಎಷ್ಟೋ ಸಲ ರೇಗುತ್ತಿದ್ದೆ, ಅವಳು ಅಳುತ್ತಿದ್ದಳು, ಮತ್ತೆ ಓದಿಸುತ್ತಿದ್ದೆ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಆ ಹುಡುಗಿ ಬಸ್ಸಿನ ಬೋರ್ಡು ಓದಿ, ಇದು ನಮ್ಮ ಕಡೆ ಹೋಗುವುದಿಲ್ಲ, ಇಳಿ ಎಂದು ತಾಯಿಯನ್ನು ಕೈಹಿಡಿದು ಇಳಿಸಿದಳಂತೆ. ಮಾರನೆಯ ದಿನ ದಾನವ್ವ ಗೇಟಿನ ಹತ್ತಿರ ಬಂದು, ಇನ್ನೂ ಬಿಸಿಯಿದ್ದ ರೊಟ್ಟಿಗಳನ್ನು ಶೇಂಗಾ ಚಟ್ನಿಯ ಜೊತೆ ನನ್ನ ಕೈಗೆ ತುರುಕಿ, ಆರುವ ಮುನ್ನ ತಿನ್ನಿ ಎಂದು ಹೇಳಿ ಹೋದಳು. ಬಸ್ಸಿನ ವಿಷಯ ಹೇಳಿದಳು, ಥ್ಯಾಂಕ್ಸ್ ಮಾತ್ರ ಹೇಳಲಿಲ್ಲ. ನಾನು ರೊಟ್ಟಿ ತಿಂದೆ. ಆ ಹುಡುಗಿ ಬೋರ್ಡು ಓದಿದ್ದನ್ನು ನೆನೆದು ಆ ದಿನವೆಲ್ಲ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಆದರೂ ಮನೀಶ್ ಸರ್ ಕಲಿಸಿದ ವಿದ್ಯೆಯಿಂದಾಗಿ ಒಳಗೊಳಗೇ, ಈ ಜನಕ್ಕೆ ಒಂದು ಮಾತು ಹೇಳುವ ರೀತಿ ಗೊತ್ತಿಲ್ಲವಲ್ಲ ಎಂದುಕೊಂಡೆ.

ಜನವರಿಯಲ್ಲಿ ಟ್ರಸ್ಟು ‘ಕೃತಜ್ಞತಾ ದಿನ’ವನ್ನು ಸಾರಿತು. ದಾನಿಗಳು ಬರುತ್ತಾರೆ, ವಿಡಿಯೋ ಆಗುತ್ತದೆ, ಪ್ರತಿ ಕ್ಲಾಸಿನಿಂದ ಒಬ್ಬ ತಾಯಿಯನ್ನೋ ತಂದೆಯನ್ನೋ ವೇದಿಕೆಗೆ ಕರೆದು ಶಾಲು ಹೊದಿಸಿ ಧನ್ಯವಾದ ಹೇಳಬೇಕು. ಮೇಡಂ ನನ್ನನ್ನು ಬೇರೆ ಕರೆದು, ನೋಡಿದರೆ ಕಣ್ಣಲ್ಲಿ ನೀರು ಬರುವಂಥವರನ್ನು ಆರಿಸು, ಮನೆಗೆಲಸದವಳಾದರೆ ಒಳ್ಳೆಯದು ಎಂದರು. ನನ್ನ ಕಾಯಂ ಆಗುವ ಕಾಗದ ಟ್ರಸ್ಟಿ ಸಾಹೇಬರ ಮೇಜಿನ ಮೇಲಿದೆ, ಕಾರ್ಯಕ್ರಮ ಹೇಗಾಗುತ್ತದೋ ನೋಡಿ ಸಹಿ ಮಾಡುತ್ತಾರೆ ಎಂದೂ ಸೇರಿಸಿದರು. ನಾನು ದಾನವ್ವನ ಹೆಸರು ಕೊಟ್ಟೆ. ಯಾಕೆ ಕರೆಯುತ್ತಿದ್ದೇವೆ ಎಂದು ಅವಳಿಗೆ ಮೊದಲೇ ಹೇಳಕೂಡದು ಎಂಬುದು ಮನೀಶ್ ಸರ್ ಅಪ್ಪಣೆ. ಮುಂಚೆ ಗೊತ್ತಾದರೆ ಅಳು ತಾಜಾ ಇರುವುದಿಲ್ಲವಂತೆ. ಶನಿವಾರ ಒಳ್ಳೆಯ ಸೀರೆ ಉಟ್ಟುಕೊಂಡು ಶಾಲೆಗೆ ಬರಬೇಕು ಎಂದಷ್ಟೇ ಮಗಳ ಕೈಲಿ ಹೇಳಿಕಳಿಸಿದೆ.

ದಾನವ್ವ ಇಳಕಲ್ ಸೀರೆ ಉಟ್ಟು ಬಂದು ಕೊನೆಯ ಸಾಲಿನಲ್ಲಿ ಕೂತಳು. ಹೆಸರು ಕೂಗಿದಾಗ ಸುತ್ತಮುತ್ತ ನೋಡಿ ಎದ್ದಳು. ಚಪ್ಪಲಿ ಕೆಳಗೆ ಬಿಟ್ಟು ವೇದಿಕೆ ಹತ್ತಿದಳು. ಟ್ರಸ್ಟಿ ಸಾಹೇಬರು ಶಾಲು ಹೊದಿಸಿದರು. ನಾನು ಮೈಕು ಹಿಡಿದು, ಮನೀಶ್ ಸರ್ ಬರೆದುಕೊಟ್ಟಿದ್ದ ಹಿಂದಿಯಲ್ಲಿ, ಇಷ್ಟು ದಿನ ನೀವು ಈ ಶಾಲೆಗಾಗಿ ಪಟ್ಟ ಶ್ರಮಕ್ಕೆ ಧನ್ಯವಾದ, ಥ್ಯಾಂಕ್ಯೂ ದಾನವ್ವ ಎಂದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ದಾನವ್ವನ ಮುಖದ ರಕ್ತವೇ ಇಳಿದುಹೋಯಿತು. ಕೈ ಜೋಡಿಸಿ ಗಳಗಳ ಅಳತೊಡಗಿದಳು. ಕ್ಯಾಮೆರಾದವನು ಹತ್ತಿರ ಓಡಿ ಬಂದ. ಮುಂದಿನ ಸಾಲಿನ ದಾನಿ ಹೆಂಗಸರು ಕರ್ಚೀಫು ತೆಗೆದರು. ಮನೀಶ್ ಸರ್ ನನ್ನತ್ತ ನೋಡಿ ಹೆಬ್ಬೆರಳು ಎತ್ತಿದರು. ದಾನವ್ವ ನನ್ನ ಕೈ ಹಿಡಿದುಕೊಂಡಳು. ಮನೆ ಮನೆಯ ಅಡುಗೆಮನೆಯಲ್ಲಿ ಕಲಿತ ಹಿಂದಿ ಆ ಗಾಬರಿಯಲ್ಲಿ ಅವಳ ನೆರವಿಗೆ ಬರಲಿಲ್ಲ.

“ಟೀಚರ್, ನಮ್ಮ ಹುಡಗೀನ ಸಾಲಿ ಬಿಡಸಬ್ಯಾಡ್ರಿ. ಏನರ ತಪ್ಪಾಗಿದ್ರ ನನಗ ಬೈರಿ. ವಡಾಳಾದಾಗ ಒಂದ ಮನಿಯವರು ಹಿಂಗ ಮಾಡಿದ್ರು. ಅಷ್ಟ್ ವರ್ಷ ರೊಟ್ಟಿ ಬಡದಿದ್ದೆ. ಎಲ್ಲಾರೂ ನಿಂತು ಶಾಲು ಹೊಚ್ಚಿದ್ರು, ಥ್ಯಾಂಕ್ಯೂ ಅಂದ್ರು. ಮರುದಿನ ಹ್ವಾದ್ರ ವಾಚಮನ್ ಒಳಗ ಬಿಡಲಿಲ್ಲ.”

ಅವಳು ತಿಳಿದದ್ದರಲ್ಲಿ ತಪ್ಪೇನಿತ್ತು? ನಮ್ಮ ಮನೆಯಲ್ಲೂ ಯಾರೂ ಯಾರಿಗೂ ಥ್ಯಾಂಕ್ಸ್ ಹೇಳುವುದಿಲ್ಲ. ಚಹಾ ಕೊಟ್ಟ ಅವ್ವನಿಗೆ ನಾನು ಥ್ಯಾಂಕ್ಸ್ ಹೇಳಿದರೆ ಅವಳು ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾಳೆ. ಜೊತೆಗಿರುವವರಿಗೆ ಊಟವಾಯಿತೇ ಎಂದು ಕೇಳುತ್ತೇವೆ, ರೊಟ್ಟಿ ಕಟ್ಟಿಕೊಡುತ್ತೇವೆ. ಶಾಲು, ಚಪ್ಪಾಳೆ, ಧನ್ಯವಾದವೆಲ್ಲ ಕಳಿಸಿಕೊಡುವವರಿಗೆ. ಆ ಹೆಂಗಸನ್ನು ಇಷ್ಟು ಜನರೆದುರು ಹೆದರಿಸಿ ಅಳಿಸಿದೆವಲ್ಲ ಎಂದು ಮೈಯೆಲ್ಲ ಉರಿಯಿತು.

ಮನೀಶ್ ಸರ್ ಪಕ್ಕಕ್ಕೆ ಬಂದು, ಏನನ್ನುತ್ತಿದ್ದಾಳೆ, ಎಲ್ಲರಿಗೂ ಹಿಂದಿಯಲ್ಲಿ ಹೇಳು ಎಂದು ಅವಸರಪಡಿಸಿದರು. ಆ ಸಭೆಯಲ್ಲಿ ಕನ್ನಡ ತಿಳಿಯುತ್ತಿದ್ದುದು ನಮ್ಮಿಬ್ಬರಿಗೇ. ಈ ಶಾಲೆಯೇ ನನ್ನ ಪಾಲಿನ ದೇವರು ಎನ್ನುತ್ತಿದ್ದಾಳೆ ಎಂದುಬಿಟ್ಟರೆ ಸಭೆ ಕರಗಿಹೋಗುತ್ತಿತ್ತು, ನನ್ನ ಕಾಗದಕ್ಕೆ ಸಹಿಯೂ ಬೀಳುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ದಾನವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆ ಗಾಬರಿಯಲ್ಲಿ ಹಿಂದಿ ಆಡಲಾಗದಿದ್ದರೂ ಕೇಳಿದರೆ ಅವಳಿಗೆ ಅರ್ಥವಾಗುತ್ತದೆ.

ಅವಳು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೇ ಹಿಂದಿಯಲ್ಲಿ ಹೇಳಿದೆ. ಶಾಲು ಹೊದಿಸಿ ಥ್ಯಾಂಕ್ಯೂ ಎಂದ ಮನೆಯವರು ಮರುದಿನ ಕೆಲಸದಿಂದ ತೆಗೆದರಂತೆ, ಮಗಳನ್ನೂ ಹಾಗೇ ತೆಗೆಯುತ್ತಿದ್ದೀರಾ ಎಂದು ಕೇಳುತ್ತಿದ್ದಾಳೆ ಎಂದೆ.

ಕರ್ಚೀಫುಗಳು ಅಲ್ಲಲ್ಲೇ ನಿಂತವು. ಅನುರಾಧಾ ಮೇಡಂ ನನ್ನನ್ನು ನುಂಗುವ ಹಾಗೆ ನೋಡಿದರು. ಕ್ಯಾಮೆರಾ ಮಾತ್ರ ಓಡುತ್ತಲೇ ಇತ್ತು. ಇನ್ನೇನು ಮಾಡುವುದು, ಟ್ರಸ್ಟಿ ಸಾಹೇಬರು ಮೈಕು ತೆಗೆದುಕೊಂಡು, ಈ ಬಾಲಕಿ ಹತ್ತನೇ ಕ್ಲಾಸು ಮುಗಿಸುವವರೆಗೆ ಇದೇ ಶಾಲೆಯಲ್ಲಿ ಓದುತ್ತಾಳೆ, ಅವಳನ್ನು ಯಾರೂ ತೆಗೆಯುವುದಿಲ್ಲ ಎಂದು ಸಾರಿದರು. ಮೊದಲಿಗಿಂತ ದೊಡ್ಡ ಚಪ್ಪಾಳೆ ಬಿತ್ತು. ತೆಗೆಯುವ ಮಾತೇ ಇಲ್ಲದಿದ್ದವಳನ್ನು ಉಳಿಸಿಕೊಂಡ ಕೀರ್ತಿ ಟ್ರಸ್ಟಿಗೆ ಪುಕ್ಕಟೆಯಾಗಿ ಬಂದಿತು. ಮನೀಶ್ ಸರ್ ಮುಖಕ್ಕೆ ಕಳೆ ಮರಳಿತು.

ದಾನವ್ವ ಶಾಲಿನ ಅಂಚಿನಿಂದ ಮುಖ ಒರೆಸಿಕೊಂಡಳು. ಇನ್ನು ಇಳಿಯುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈ ಬಿಡಲಿಲ್ಲ.

“ಅಕೀ ಇರ್ತಾಳಂದ್ರ ಛಲೋ ಆತು. ಮತ್ತ ನೀವು ಇರ್ತೀರಿಲ್ಲೋ? ಅದನ್ನೂ ಕೇಳ್ರಿ ಅವರಿಗೆ. ಮೊದಲಿನ ಟೀಚರನ್ನ ಇವರ ಬಿಡಿಸಿದ್ರು. ಆಮ್ಯಾಲೆ ಹುಡಗಿ ವರ್ಷಾನಗಟ್ಟಲೆ ಪುಸ್ತಕ ಮುಟ್ಟಲಿಲ್ಲ.”

“ನನ್ನ ಸಲುವಾಗಿ ನಾನ ಹೆಂಗ ಕೇಳ್ಲಿ, ದಾನವ್ವಾರ?”

“ಕೇಳಾಕತ್ತಾಕಿ ನಾನು. ನೀವು ಬರೇ ಹೇಳ್ರಿ.”

ಕೇಳು, ಒಮ್ಮೆ ಬಾಯಿ ಬಿಟ್ಟು ಕೇಳು ಎಂದು ಅಪ್ಪ ಎಷ್ಟು ಸಲ ಹೇಳಿದ್ದರೋ. ಮೇಡಂ ಕೋಣೆಯ ಬಾಗಿಲವರೆಗೆ ಹೋಗಿ ಹೋಗಿ ತಿರುಗಿ ಬಂದಿದ್ದೆ. ಈಗ ಈ ಹೆಂಗಸು, ತನ್ನ ಮಗಳ ಭಯ ಇಳಿದ ಮರುಗಳಿಗೆಯಲ್ಲೇ ನನಗಾಗಿ ಕೇಳುತ್ತಿದ್ದಳು. ಗ್ರೂಪಿಗೆ ಅಷ್ಟೊಂದು ಸೂರ್ಯೋದಯಗಳನ್ನು ಹಾಕಿದ್ದೆನಲ್ಲ, ಅವುಗಳಲ್ಲಿ ಒಂದೂ ಹೀಗೆ ಮನಸ್ಸು ಮುಟ್ಟಿರಲಿಲ್ಲ. ನನಗೆ ಆ ಕ್ಷಣ ದಾನವ್ವನ ಬಗ್ಗೆ, ಆ ಮೆಟ್ಟಿಲ ಮೇಲಿನ ಸಂಜೆಗಳ ಬಗ್ಗೆ ಬಹಳ ಕೃತಜ್ಞತೆ ಎನಿಸಿತು. ಮೈಕು ಬಾಯಿಯ ಹತ್ತಿರ ತಂದು ಅದನ್ನೂ ಹಿಂದಿಯಲ್ಲಿ ಹೇಳಿದೆ. ಈ ಟೀಚರೂ ಇರುತ್ತಾಳೆ ತಾನೇ ಎಂದು ಇವರು ಕೇಳುತ್ತಿದ್ದಾರೆ ಎಂದೆ. ನನ್ನ ದನಿ ಕೊನೆಯ ಸಾಲಿನವರೆಗೂ ಕೇಳಿಸಿತು.

ಟ್ರಸ್ಟಿ ಸಾಹೇಬರು ಈ ಸಲ ಇಂಗ್ಲಿಷಿಗೆ ಹೊರಳಿ, ಯೋಗ್ಯ ಕಾಲದಲ್ಲಿ ಯೋಗ್ಯವಾಗಿ ಪರಿಶೀಲಿಸಲಾಗುವುದು ಎಂಬ ಅರ್ಥದ ಒಂದು ಉದ್ದನೆಯ ವಾಕ್ಯ ಹೇಳಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮನೀಶ್ ಸರ್ ಕ್ಯಾಮೆರಾದವನಿಗೆ ಸನ್ನೆ ಮಾಡಿದರು. ಐದನೇ ಕ್ಲಾಸಿನ ತಂದೆಯ ಹೆಸರು ಕೂಗಿದರು.

ವೇದಿಕೆಯ ಕೆಳಗೆ ದಾನವ್ವ ಚಪ್ಪಲಿ ಮೆಟ್ಟಿಕೊಂಡು, ಶಾಲು ಮಡಚಿ ಕಂಕುಳಲ್ಲಿಟ್ಟುಕೊಂಡಳು. ಥ್ಯಾಂಕ್ಸ್ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಸಾಹೇಬರು ಏನಂದರು ಎಂದು ಅವಳು ಕೇಳಿದಳು. ನೋಡೋಣ ಅಂದರು ಎಂದೆ.

ಅವಳು ಕಂಕುಳಲ್ಲಿದ್ದ ಶಾಲನ್ನೊಮ್ಮೆ ಮುಟ್ಟಿ ನೋಡಿದಳು.

“ನಿಮಗ ಶಾಲು ಹೊಚ್ಚಿದ್ರೇನು?”

“ಇಲ್ರಿ.”

“ಥ್ಯಾಂಕ್ಯೂ ಅಂದ್ರೇನು?”

“ಅದೂ ಇಲ್ಲ.”

“ಹಂಗಾರ ಇರ್ತೀರಿ ಬಿಡ್ರಿ,” ಎಂದಳು ದಾನವ್ವ.