ಆರೈಕೆ ಭತ್ಯೆ

ಜೂನ್ ಹನ್ನೊಂದು, ಬೆಳಿಗ್ಗೆ ಹತ್ತೂವರೆ. ಭತ್ಯೆಯ ಪರಿಶೀಲನೆಗೆ ಬಂದ ಹುಡುಗಿ ಹನ್ನೆರಡು ಪ್ರಶ್ನೆಗಳಲ್ಲಿ ಐದನೆಯದಕ್ಕೆ ಬಂದಿದ್ದಳು. ಗಾಲಿಕುರ್ಚಿಯಲ್ಲಿ ಕೂತಿದ್ದ ಕ್ಷೌರಿಕನ ಬಲಗೈಯನ್ನು ಹೆಂಡತಿ ಆಗಲೇ ತೊಡೆಯ ಮೇಲೆ ಎತ್ತಿ ಇಟ್ಟಿದ್ದಳು. ಅದು ಇಟ್ಟಲ್ಲೇ ಇತ್ತು.

"ಸ್ನಾನ ನೀವೇ ಮಾಡ್ತೀರಾ ಅಂಕಲ್, ಯಾರಾದ್ರೂ ಮಾಡಿಸ್ತಾರಾ?"

"ನಾನೇ."

"ಬಟ್ಟೆ ಹಾಕ್ಕೊಳ್ಳೋದು?"

"ನಾನೇ."

ಹುಡುಗಿ ಹಾಳೆಯನ್ನೇ ನೋಡುತ್ತ ದನಿ ತಗ್ಗಿಸಿದಳು. "ಮತ್ತೆ... ಕಕ್ಕಸಿಗೆ?"

"ಎಲ್ಲಾ ನಾನೇ ಅಂದ್ನಲ್ಲಮ್ಮ."

ಅವಳಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಮೊಮ್ಮಗಳಂಥ ಹುಡುಗಿಯ ಮುಂದೆ ತನ್ನನ್ನು ಇನ್ನೊಬ್ಬರು ತೊಳೆಯುತ್ತಾರೆಂದು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಸರ್ಕಾರದ ಕಡೆಯಿಂದ ಜನ ಬರುತ್ತಾರೆಂದು ಐದು ಗಂಟೆಗೇ ಎದ್ದು ಅವನಿಗೆ ಸ್ನಾನ ಮಾಡಿಸಿ, ಗಡ್ಡ ಹೆರೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ, ಕತ್ತಿನ ಗುಂಡಿಯವರೆಗೂ ಹಾಕಿದ್ದಳು. ಅವಳು ಏನೋ ಹೇಳಲು ಬಾಯಿ ತೆರೆದಳು. ಅವನು ದುರುಗುಟ್ಟಿ ನೋಡಿದ.

"ಇವಳೇ, ಕಾಫಿ ಎಲ್ಲಿ?"

ಮದುವೆಯಾದಂದಿನಿಂದ ಅವನು ಅವಳನ್ನು ಕರೆದದ್ದು "ಇವಳೇ" ಎಂಬ ಆ ಒಂದು ಮಾತಿನಿಂದಲೇ. ಅವಳು ಬಾಯಿ ಮುಚ್ಚಿ ಕಾಫಿ ತಂದಳು.

ಭತ್ಯೆ ಮುಂದುವರಿಯಲು ಹನ್ನೆರಡರಲ್ಲಿ ಏಳು ಉತ್ತರಗಳು "ಆಗದು" ಎಂದಿರಬೇಕಿತ್ತು. ಅವನ ಹಾಳೆಯಲ್ಲಿ ಎರಡಿದ್ದವು: ಮೆಟ್ಟಿಲು ಹತ್ತುವುದು, ಬೀದಿ ದಾಟುವುದು.

ಕೈ ನೆಟ್ಟಗಿದ್ದ ಕಾಲದಲ್ಲಿ ಗಿರಾಕಿಗಳು ಅವನನ್ನು "ಮಂತ್ರಿ" ಎನ್ನುತ್ತಿದ್ದರು. ನೊರೆ ಹಚ್ಚುವಾಗ ಅವನು ತೆರಿಗೆಯನ್ನು ಇಳಿಸುತ್ತಿದ್ದ. ಕತ್ತಿ ಆಡಿಸುವಾಗ ಸರ್ಕಾರದ ಖರ್ಚನ್ನು ಕತ್ತರಿಸುತ್ತಿದ್ದ. ಕೂತು ತಿನ್ನುವವರಿಗೆ ಕೊಡಬಾರದು, ಕೊಟ್ಟರೆ ಮನೆಮನೆಗೂ ಹೋಗಿ ನೋಡಿ ಕೊಡಬೇಕು ಎನ್ನುತ್ತಿದ್ದ. ಗಂಟಲಿನ ಮೇಲೆ ಕತ್ತಿಯಿರುವಾಗ ಯಾರೂ ಎದುರು ಹೇಳುತ್ತಿರಲಿಲ್ಲ. ಆರು ವರ್ಷದ ಹಿಂದೆ ಬಲಭಾಗಕ್ಕೆ ಲಕ್ವ ಹೊಡೆಯಿತು. ಹೆಂಡತಿ ಲಾಂಡ್ರಿಯ ಇಸ್ತ್ರಿ ಕೆಲಸ ಬಿಟ್ಟಳು. ಅವಳ ಸಂಬಳದ ಮುಕ್ಕಾಲು ಪಾಲಿನಷ್ಟು ಭತ್ಯೆ ಬರತೊಡಗಿತು. ಈ ವರ್ಷ ಖರ್ಚು ಮಿತಿಮೀರಿದೆ, ಎಲ್ಲರನ್ನೂ ಮತ್ತೆ ಪರಿಶೀಲಿಸುತ್ತೇವೆ ಎಂದು ರೇಡಿಯೊದಲ್ಲಿ ಬಂದಾಗ ಅವನು ಮಲಗಿದ್ದಲ್ಲಿಂದಲೇ, "ಒಳ್ಳೇದಾಯ್ತು, ಕಳ್ಳರು ಸಿಕ್ಕಿಬೀಳ್ತಾರೆ" ಎಂದಿದ್ದ.

ಜುಲೈಯಿಂದ ಹಣ ನಿಂತಿತು. ಹೆಂಡತಿ ಬೆಳಿಗ್ಗೆ ಎಂಟಕ್ಕೆ ಲಾಂಡ್ರಿಗೆ ಹೋಗಿ ಮಧ್ಯಾಹ್ನ ಒಂದಕ್ಕೆ ಬರತೊಡಗಿದಳು. ಅಷ್ಟು ಹೊತ್ತು ಅವನು ಕೂರಿಸಿದಲ್ಲಿ ಕೂತಿರುತ್ತಿದ್ದ. ಒಮ್ಮೊಮ್ಮೆ ಒದ್ದೆಯಲ್ಲೇ ಕೂತಿರುತ್ತಿದ್ದ. ಅವಳು ಬಂದೊಡನೆ ಕಿಟಕಿ ತೆರೆದು, ಬಕೆಟ್ಟಿನಲ್ಲಿ ನೀರು ತರುತ್ತಿದ್ದಳು. ಒಂದೇ ಒಂದು ದಿನ ಬಕೆಟ್ಟನ್ನು ಅವನ ಕಾಲ ಬಳಿ ಕುಕ್ಕಿ, "ಎಲ್ಲಾ ನಾನೇ ಅಂದ್ರಲ್ಲ, ಮಾಡ್ಕೊಳ್ಳಿ ನೋಡೋಣ" ಎಂದಳು. ಗಳಿಗೆಯ ನಂತರ ತಾನೇ ಬಗ್ಗಿದಳು.

ಮೇಲ್ಮನವಿಗೆ ಅವಳೇ ಓಡಾಡಿದಳು. ವಿಚಾರಣೆಗೆ ಬರಲು ಅವನು ಒಲ್ಲೆನೆಂದ.

"ಅಷ್ಟು ಜನರ ಮುಂದೆ ಮುಖ ಎಲ್ಲಿ ಇಟ್ಕೊಳ್ಳಲಿ?"

"ಇದ್ದಲ್ಲೇ ಇಟ್ಕೊಳ್ಳಿ. ಒರೆಸೋಳು ನಾನೇ ತಾನೆ?"

ವಿಚಾರಣೆ ಸೆಪ್ಟೆಂಬರ್ ಕೊನೆಯಲ್ಲಿ ನಡೆಯಿತು. ಕೋಣೆಗೆ ಬಾಗಿಲಿರಲಿಲ್ಲ, ಒಂದು ಪರದೆ, ಅದರಾಚೆ ಸರದಿಗೆ ಕಾದವರ ಬೆಂಚು. ಮೇಜಿನ ಹಿಂದೆ ಕೂತ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಇಪ್ಪತ್ತು ವರ್ಷ ಅವನ ಅಂಗಡಿಯ ಕುರ್ಚಿಯಲ್ಲಿ ಕತ್ತು ಎತ್ತಿ ಕೂತವರು. "ಏನು ಮಂತ್ರಿಗಳೇ" ಎಂದರು. ಎಂದಮೇಲೆ ತಾವೇ ಮುಜುಗರಪಟ್ಟು ಕಾಗದ ತಿರುವಿದರು. ಪಕ್ಕದಲ್ಲಿ ಪರಿಶೀಲನೆಯ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

"ನಿಂಗೆ ಅವತ್ತೇ ಗೊತ್ತಾಗ್ಲಿಲ್ವಾ ಮಗಳೇ?" ಎಂದು ಹೆಂಡತಿ ಕೇಳಿದಳು.

"ಗೊತ್ತಾಯ್ತು ಆಂಟಿ. ಅವರ ಬಾಯಲ್ಲಿ ಬಂದದ್ದನ್ನೇ ಬರೀಬೇಕು."

ಅಧ್ಯಕ್ಷರು ಕನ್ನಡಕ ತೆಗೆದರು. "ಸುಳ್ಳು ಹೇಳಿ ತಗೊಳ್ಳೋರನ್ನ ಹಿಡಿಯೋಕೆ ಈ ನಿಯಮ ಮಾಡಿದ್ದು. ಸುಳ್ಳು ಹೇಳಿ ಕಳ್ಕೊಳ್ಳೋರೂ ಇರ್ತಾರೆ ಅಂತ ಬರೆದವರಿಗೆ ಹೊಳೆದಿಲ್ಲ." ಹೆಂಡತಿ ಮಾತಾಡಲು ಮುಂದೆ ಬಂದಳು. ಅವರು ಕೈಯೆತ್ತಿ ತಡೆದರು. "ನೀವಲ್ಲಮ್ಮ. ಹೇಳಿದವರೇ ತಿದ್ದಬೇಕು. ಸ್ವಲ್ಪ ಗಟ್ಟಿಯಾಗಿ ಹೇಳಪ್ಪ, ಬರ್ಕೊಳ್ಳೋರಿಗೆ ಕೇಳಿಸಲಿ. ಸ್ನಾನ?"

ಕ್ಷೌರಿಕ ಪರದೆಯತ್ತ ನೋಡಿದ. ಪರದೆಯ ಕೆಳಗೆ ಬೆಂಚಿನವರ ಪಾದಗಳು ಸಾಲಾಗಿ ಕಾಣುತ್ತಿದ್ದವು.

"ಇವಳೇ."

ಹೆಂಡತಿ ತಟ್ಟನೆ ಬಗ್ಗಿದಳು. "ಏನ್ರೀ? ನೀರು ಬೇಕಾ?"

"ಕರೆದದ್ದಲ್ಲ" ಎಂದ. "ಉತ್ತರ ಹೇಳಿದ್ದು."

ಅವಳು ನಿಧಾನವಾಗಿ ನೆಟ್ಟಗಾದಳು. ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಯ ಗಡಿಯಾರ ನೋಡತೊಡಗಿದಳು.

"ಬಟ್ಟೆ?"

"ಇವಳೇ."

ಪರದೆಯಾಚೆಯ ಮಾತು ನಿಂತಿತ್ತು. ಮುಂದಿನ ಪ್ರಶ್ನೆಗೆ ಅಧ್ಯಕ್ಷರು ದನಿ ತಗ್ಗಿಸಿದರು. ಅವನು ತಗ್ಗಿಸಲಿಲ್ಲ, ಕಿವಿಯವರೆಗೂ ಕೆಂಪಾಗಿ, "ಅದೂ ಇವಳೇ. ರಾತ್ರಿ ಎರಡು ಸಲ ಎದ್ದು" ಎಂದ.

"ಊಟ?"

"ಅದು ನಾನೇ, ಎಡಗೈಲಿ. ತಟ್ಟೆ ಹಿಡ್ಕೊಳ್ಳೋದು ಇವಳು."

"ಗಡ್ಡ?" ಎಂದು ಕೇಳುವಾಗ ಅಧ್ಯಕ್ಷರ ಬೆರಳು, ಅವನ ಕತ್ತಿ ಎಂದೂ ಕೊಯ್ಯದ ತಮ್ಮ ಗಲ್ಲದ ಮಚ್ಚೆಯ ಮೇಲಿತ್ತು.

"ಇವಳೇ. ಇವಳಿಗೆ ಕೈ ಇನ್ನೂ ಕುದುರಿಲ್ಲ ಸಾರ್, ಕೊಯ್ತಾಳೆ."

ಹೀಗೆ ಹನ್ನೆರಡೂ ಮುಗಿದವು. ಹುಡುಗಿ ಕೂಡಿ ನೋಡಿದಳು: "ಆಗದು" ಹನ್ನೊಂದು. ಅಕ್ಟೋಬರಿನಿಂದ ಭತ್ಯೆ ಮತ್ತೆ ಬರುವುದೆಂದು ಅಧ್ಯಕ್ಷರು ಬರೆಸಿದರು.

"ನಿಂತ ಮೂರು ತಿಂಗಳದ್ದು ಬರಲ್ಲ" ಎಂದರು. "ತಪ್ಪು ಮಾಹಿತಿ ಕೊಟ್ಟವನು ನೀನು. ನನ್ನ ಕೈಲಿ ಇಲ್ಲಪ್ಪ."

ಹೆಂಡತಿ ಕುರ್ಚಿ ತಳ್ಳಿಕೊಂಡು ಪರದೆ ಸರಿಸಿದಳು. ಬೆಂಚಿನ ಮೇಲೆ ಎಂಟು ಹತ್ತು ಜನ. ಕೆಲವರು ಕಾಲು ಹಿಂದಕ್ಕೆ ಎಳೆದುಕೊಂಡು ದಾರಿ ಬಿಟ್ಟರು. ಅವನು ಮಡಿಲು ನೋಡುತ್ತ ಅವರನ್ನು ದಾಟಿದ. ಹೊರಬಾಗಿಲ ಬಳಿ ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ, ತಿರುಗದೆಯೇ ಹೇಳಿದ:

"ಆ ಮೂರು ತಿಂಗಳದ್ದು ನಾನು ಕೊಡ್ಬೇಕು ನಿಂಗೆ."

ಬಿಡಿ ಎಂದಾಳೆಂದು ಕಾದ. ಅವಳು ಹಾಗೆನ್ನಲಿಲ್ಲ.

"ಹೌದು. ಕೊಡ್ಬೇಕು."

"ಎಲ್ಲಿಂದ ಕೊಡ್ಲಿ?"

"ನಂಗೇನು ಗೊತ್ತು? ಮಂತ್ರಿ ನೀವು."

ಬಾಗಿಲಿನಿಂದ ಬೀದಿಗೆ ಸಿಮೆಂಟಿನ ಇಳಿಜಾರು. ಮುಂದಕ್ಕೆ ಬಿಟ್ಟರೆ ಅವನು ಮುಗ್ಗರಿಸುತ್ತಾನೆ. ಆದ್ದರಿಂದ ಅವಳು ಎಂದಿನಂತೆ ಕುರ್ಚಿಯನ್ನು ತಿರುಗಿಸಿ, ತಾನು ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಅವನ ಭಾರವನ್ನು ಮೈಗೆ ಆನಿಸಿಕೊಂಡು ಇಳಿಸತೊಡಗಿದಳು. ತೆರೆದ ಬಾಗಿಲು, ಒಳಗಿನ ಬೆಂಚು, ಅದರ ಮೇಲೆ ಕೂತು ನೋಡುತ್ತಿದ್ದ ಮುಖಗಳು ಅವನೆದುರಿಗೇ ಇದ್ದವು. ಬೀದಿ ಮುಟ್ಟುವವರೆಗೂ ಅವನು ಅವುಗಳನ್ನೇ ನೋಡುತ್ತ ಇಳಿದ.